ವಿಮಾನ ಇಳಿದರೂ ದೇಹ ಇನ್ನೂ ಹತ್ತುತ್ತಲೇ ಇರುತ್ತದೆ

ಬೇಸಿಗೆ ರಜೆ ಹತ್ತಿರ ಬಂದ ಹಾಗೆ ನನಗೆ ಒಂದೇ ಥರದ ಮೆಸೇಜುಗಳು ಬರೋಕೆ ಶುರುವಾಗುತ್ತವೆ. "ಜೂನ್‌ನಲ್ಲಿ ಲಡಾಖ್‌ಗೆ ಹೋಗ್ತಿದ್ದೀವಿ. ಮೂರು ತಿಂಗಳಿಂದ ದಿನಾ ಐದು ಕಿಲೋಮೀಟರ್ ಓಡ್ತಿದ್ದೀನಿ, ಭಾನುವಾರ ನಂದಿ ಬೆಟ್ಟ ಹತ್ತುತ್ತೀನಿ. ಇಷ್ಟು ತಯಾರಿ ಸಾಕಾ?"

ಇದಕ್ಕೆ ಒಂದು ಸಾಲಿನ ಉತ್ತರ ಇದೆ: ಕಾಲಿಗೆ ಸಾಕು, ಉಸಿರಿಗೆ ಸಾಲದು. ಯಾಕೆ ಅಂತ ಹೇಳೋಕೆ ಮಾತ್ರ ಸ್ವಲ್ಪ ಇತಿಹಾಸ ಬೇಕು. ನಾನು ಡಾಕ್ಟರ್ ಅಲ್ಲ, ಓದಿದ್ದು ಬಿ.ಕಾಂ. ಹಾಗಾಗಿ ಎತ್ತರದ ಜಾಗಕ್ಕೆ ದೇಹವನ್ನು ಹೇಗೆ ತಯಾರು ಮಾಡಬೇಕು ಅನ್ನೋದನ್ನ ಮನುಷ್ಯರು ಏನೇನು ಬೆಲೆ ಕೊಟ್ಟು ಕಲಿತರು ಅನ್ನೋ ಕಥೆಯನ್ನ ಇವತ್ತು ಹೇಳ್ತೀನಿ. ಪ್ಯಾರಿಸ್‌ನ ಒಂದು ಬಲೂನಿನಿಂದ ಶುರುವಾಗಿ ನಮ್ಮ ಸೇನೆಯ ಆಸ್ಪತ್ರೆಗಳವರೆಗೆ ಹೋಗುವ ಕಥೆ ಇದು. ನಡುವೆ ಕೊಡಗಿನವರೊಬ್ಬರು ಬರ್ತಾರೆ.

ಮೊದಲು ಎರಡು ಘಟನೆ ಪಕ್ಕಪಕ್ಕ ಇಟ್ಟು ನೋಡೋಣ.

1875ರ ಏಪ್ರಿಲ್ 15. ಪ್ಯಾರಿಸ್‌ನಿಂದ 'ಝೆನಿತ್' ಅನ್ನೋ ಬಲೂನು ಮೇಲೇರಿತು. ಬುಟ್ಟಿಯಲ್ಲಿ ಮೂರು ಜನ: ಕ್ರೋಸೆ-ಸ್ಪಿನೆಲ್ಲಿ, ಸಿವೆಲ್ ಮತ್ತು ತಿಸ್ಸಾಂದಿಯೆ. ಇವರೇನೂ ಸುಮ್ಮನೆ ಹುಮ್ಮಸ್ಸಿಗೆ ಹೊರಟವರಲ್ಲ. ಮೇಲೆ ಗಾಳಿ ತೆಳುವಾಗಿರುತ್ತೆ ಅಂತ ಗೊತ್ತಿತ್ತು. ಅವರಲ್ಲಿ ಇಬ್ಬರು ಅದಕ್ಕೂ ಮೊದಲೇ ಗಾಳಿಯ ಒತ್ತಡ ಕಡಿಮೆ ಮಾಡುವ ಕಬ್ಬಿಣದ ಕೋಣೆಯೊಳಗೆ ಕೂತು ಪರೀಕ್ಷೆ ಮಾಡಿಕೊಂಡಿದ್ದರು. ಜೊತೆಗೆ ಆಮ್ಲಜನಕ ತುಂಬಿದ ಚೀಲಗಳೂ ಇದ್ದವು. ಬಲೂನು ಕೆಲವೇ ಗಂಟೆಯಲ್ಲಿ 8,000 ಮೀಟರ್ ದಾಟಿತು. ಆ ಹೊತ್ತಿಗೆ ಅವರ ಕೈಕಾಲು ಎಷ್ಟು ಸೋತಿತ್ತು ಅಂದರೆ, ಪಕ್ಕದಲ್ಲೇ ಇದ್ದ ಆಮ್ಲಜನಕದ ಕೊಳವೆಯನ್ನು ಬಾಯಿಗಿಡೋ ಶಕ್ತಿಯೂ ಉಳಿದಿರಲಿಲ್ಲ. ಬಲೂನು ತಾನಾಗಿ ಕೆಳಗೆ ಬಂದಾಗ ಬದುಕಿದ್ದವರು ತಿಸ್ಸಾಂದಿಯೆ ಒಬ್ಬರೇ. ಅವರ ಕಿವಿ ಕೇಳಿಸುತ್ತಿರಲಿಲ್ಲ.

ಇನ್ನೊಂದು ಘಟನೆ 1978ರ ಮೇ 8ರದ್ದು. ರೈನ್‌ಹೋಲ್ಡ್ ಮೆಸ್ನರ್ ಮತ್ತು ಪೀಟರ್ ಹಾಬೆಲರ್ ಎವರೆಸ್ಟ್ ತುದಿ ಮುಟ್ಟಿದರು. ಆಮ್ಲಜನಕದ ಸಿಲಿಂಡರ್ ಬಳಸಲಿಲ್ಲ. ಎತ್ತರ 8,848 ಮೀಟರ್, ಅಂದರೆ ಆ ಬಲೂನು ಹೋಗಿದ್ದಕ್ಕಿಂತಲೂ ಮೇಲೆ. ಅವರು ಕೂತು ತೇಲಿ ಹೋದವರಲ್ಲ, ಹಿಮದಲ್ಲಿ ಹೆಜ್ಜೆ ಕಿತ್ತಿಟ್ಟು ಹೋದವರು. ಇಬ್ಬರೂ ಜೀವಂತ ಇಳಿದು ಬಂದರು.

ಹೆಚ್ಚುಕಡಿಮೆ ಅದೇ ಎತ್ತರ, ಅದೇ ತೆಳು ಗಾಳಿ. ಒಂದು ಕಡೆ ಕೂತಲ್ಲೇ ಸತ್ತವರು, ಇನ್ನೊಂದು ಕಡೆ ನಡೆದು ಬದುಕಿದವರು. ಮೆಸ್ನರ್ ಮತ್ತು ಹಾಬೆಲರ್ ಅಸಾಧಾರಣ ಗಟ್ಟಿಗರು, ಒಪ್ಪೋಣ. ಆದರೆ ಅವರನ್ನೇ ಸಮುದ್ರಮಟ್ಟದಿಂದ ಎತ್ತಿ ನೇರವಾಗಿ ಎವರೆಸ್ಟ್ ತುದಿಯಲ್ಲಿ ಇಟ್ಟಿದ್ದರೆ ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪುತ್ತಿತ್ತು. ಅವರು ಆ ಪರ್ವತದ ಮೇಲೆ ವಾರಗಟ್ಟಲೆ ಹತ್ತಿ, ಇಳಿದು, ಮತ್ತೆ ಹತ್ತಿದ್ದರು. ಬಲೂನಿನವರಿಗೆ ಸಿಕ್ಕಿದ್ದು ಗಂಟೆಗಳು ಮಾತ್ರ. ಇವತ್ತಿನ ಕಥೆಯ ತಿರುಳು ಇಷ್ಟೇ: ಎತ್ತರಕ್ಕೆ ದೇಹ ತಯಾರಾಗೋದು ದಿನಗಳ ಲೆಕ್ಕದಲ್ಲಿ, ಆ ದಿನಗಳನ್ನು ಎತ್ತರದಲ್ಲೇ ಕಳೀಬೇಕು.

ಈಗ ಹಿಂದಕ್ಕೆ ಹೋಗೋಣ. ಎತ್ತರದಲ್ಲಿ ಏನೋ ಆಗುತ್ತೆ ಅನ್ನೋದು ಬಹಳ ಹಳೇ ತಿಳಿವಳಿಕೆ. ಕ್ರಿಸ್ತಪೂರ್ವ 30ರ ಸುಮಾರಿಗೆ ಚೀನಾದ ಹಾನ್ ಆಸ್ಥಾನದ ಅಧಿಕಾರಿಯೊಬ್ಬ ಪಶ್ಚಿಮದ ಕಡೆಗಿನ ದಾರಿಯ ಬಗ್ಗೆ ಎಚ್ಚರಿಕೆ ಕೊಟ್ಟಿದ್ದ. ಆ ದಾರಿಯಲ್ಲಿ ದೊಡ್ಡ ತಲೆನೋವಿನ ಬೆಟ್ಟ, ಚಿಕ್ಕ ತಲೆನೋವಿನ ಬೆಟ್ಟ ಅಂತ ಎರಡು ಸಿಗುತ್ತವೆ, ಅಲ್ಲಿ ಜನಕ್ಕೆ ಮೈ ಕಾವೇರುತ್ತೆ, ಮುಖ ಬಿಳಿಚಿಕೊಳ್ಳುತ್ತೆ, ತಲೆ ಸಿಡಿಯುತ್ತೆ, ವಾಂತಿಯಾಗುತ್ತೆ, ಕತ್ತೆ ದನಗಳಿಗೂ ಹಾಗೇ ಆಗುತ್ತೆ ಅಂತ. ಇವತ್ತು ಲೇಹ್‌ನ ಹೋಟೆಲ್ ರೂಮಿನಲ್ಲಿ ಮಲಗಿರೋ ಬೆಂಗಳೂರಿನ ಹುಡುಗನ ಲಕ್ಷಣಗಳೂ ಇವೇ.

ಹದಿನಾರನೇ ಶತಮಾನದಲ್ಲಿ ಮಿರ್ಜಾ ಹೈದರ್ ದುಘ್ಲಾತ್ ಲಡಾಖ್, ಟಿಬೆಟ್ ಕಡೆ ದಂಡೆತ್ತಿ ಹೋದ. ಬಾಬರನ ಸಂಬಂಧಿ, ಆಮೇಲೆ ಕಾಶ್ಮೀರವನ್ನು ಆಳಿದವನು. 'ತಾರೀಖ್-ಇ-ರಶೀದಿ' ಅನ್ನೋ ಪುಸ್ತಕದಲ್ಲಿ ಅವನು ಅಲ್ಲಿಯ ಒಂದು ಕಾಯಿಲೆಯನ್ನು ಬಣ್ಣಿಸುತ್ತಾನೆ. ಹೆಸರು ದಮ್‌ಗೀರಿ. ದಮ್ ಅಂದರೆ ಉಸಿರು, ಅದನ್ನು ಹಿಡಿದುಕೊಳ್ಳೋದು ದಮ್‌ಗೀರಿ. ನಾವು "ದಮ್ಮು ಕಟ್ಟುತ್ತೆ" ಅಂತೀವಲ್ಲ, ಅದೇ ಪರ್ಶಿಯನ್ 'ದಮ್'. ಹೈದರ್ ಒಂದು ಮುಖ್ಯವಾದ ಮಾತು ಗಮನಿಸಿದ್ದ: ಹೊರಗಿನಿಂದ ಬಂದವರನ್ನ ಇದು ಹಿಡಿಯುತ್ತೆ, ಅಲ್ಲೇ ಹುಟ್ಟಿ ಬೆಳೆದವರನ್ನ ಹಿಡಿಯೋದಿಲ್ಲ. ಅವನ ಸೈನ್ಯದ ಕುದುರೆಗಳನ್ನೂ ಅದು ಬಿಡಲಿಲ್ಲ.

ಅದೇ ಶತಮಾನದ ಕೊನೆಗೆ ಸ್ಪೇನ್‌ನ ಪಾದ್ರಿ ಹೋಸೆ ದೆ ಅಕೋಸ್ತಾ, ಪೆರುವಿನ ಪರಿಯಕಾಕಾ ಘಾಟಿ ದಾಟುವಾಗ ತಾನು ಪಟ್ಟ ಪಾಡನ್ನ ಬರೆದ. ಪುಸ್ತಕ ಬಂದಿದ್ದು 1590ರಲ್ಲಿ. ವಾಂತಿ ಮಾಡಿ ಮಾಡಿ ಸತ್ತೇ ಹೋದೆ ಅನ್ನಿಸಿತ್ತು ಅವನಿಗೆ. ಆದರೆ ಕಾರಣ ಹುಡುಕುವಾಗ ಬುದ್ಧಿ ಚುರುಕಾಗೇ ಓಡಿತ್ತು. ಅಲ್ಲಿನ ಗಾಳಿ ತೀರಾ ಸೂಕ್ಷ್ಮವಾಗಿದೆ, ಮನುಷ್ಯನ ಉಸಿರಾಟಕ್ಕೆ ಬೇಕಾದಷ್ಟು ದಪ್ಪವಾಗಿಲ್ಲ ಅಂತ ಅವನು ಊಹಿಸಿದ. ಗಾಳಿಗೆ ತೂಕ ಇದೆ ಅಂತಲೇ ಜಗತ್ತಿಗೆ ಇನ್ನೂ ಗೊತ್ತಿಲ್ಲದ ಕಾಲದಲ್ಲಿ ಹೇಳಿದ ಮಾತು ಇದು.

ಅದನ್ನ ಪ್ರಯೋಗ ಮಾಡಿ ತೋರಿಸಿದ್ದು ಫ್ರಾನ್ಸ್‌ನ ಪಾಲ್ ಬೆರ್. ಬಲೂನಿನವರು ಕೂತು ಪರೀಕ್ಷೆ ಮಾಡಿಕೊಂಡ ಕಬ್ಬಿಣದ ಕೋಣೆ ಅಂದೆನಲ್ಲ, ಅದು ಇವರದ್ದೇ. ನೀವು ಒಯ್ಯುತ್ತಿರೋ ಆಮ್ಲಜನಕ ಸಾಲದು ಅಂತ ಅವರಿಗೆ ಕಾಗದವನ್ನೂ ಬರೆದಿದ್ದರು. ಆ ದುರಂತ ಆಗಿ ಮೂರು ವರ್ಷಕ್ಕೆ, 1878ರಲ್ಲಿ, ಬೆರ್ ತಮ್ಮ ದೊಡ್ಡ ಗ್ರಂಥ ಪ್ರಕಟಿಸಿದರು. ಎತ್ತರದಲ್ಲಿ ಮನುಷ್ಯ ಕುಸಿಯೋದು ಆಮ್ಲಜನಕದ ಒತ್ತಡ ಕಡಿಮೆಯಾಗೋದರಿಂದ ಅಂತ ಅದರಲ್ಲಿ ಸ್ಪಷ್ಟವಾಯಿತು.

ಇಲ್ಲಿ ಬಹಳ ಜನ ಎಡವೋ ಒಂದು ವಿಷಯ ಇದೆ. ಎವರೆಸ್ಟ್ ಮೇಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡಾ 21ರಷ್ಟೇ, ಮಂಗಳೂರಿನ ಬೀಚಿನಲ್ಲೂ ಅಷ್ಟೇ. ಬದಲಾಗೋದು ಒಟ್ಟು ಒತ್ತಡ. ಲೇಹ್‌ನ 3,500 ಮೀಟರಿನಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟಿರುತ್ತೆ. 5,500 ಮೀಟರಿನಲ್ಲಿ ಅರ್ಧ. ಎವರೆಸ್ಟ್ ತುದಿಯಲ್ಲಿ ಮೂರನೇ ಒಂದು ಭಾಗ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಲಾಭದ ಪರ್ಸೆಂಟೇಜ್ ಅದೇ, ವ್ಯಾಪಾರದ ಒಟ್ಟು ಮೊತ್ತವೇ ಬಿದ್ದುಹೋಗಿದೆ. ಕೈಗೆ ಸಿಗೋ ದುಡ್ಡು ಕಡಿಮೆ.

ಹಾಗಾದರೆ ದೇಹ ಮನೆ ಹೇಗೆ ನಡೆಸುತ್ತೆ? ಮೊದಲ ನಿಮಿಷದಿಂದಲೇ ಕೈಸಾಲ ಶುರು. ಉಸಿರಾಟ ಜೋರಾಗುತ್ತೆ, ಎದೆಬಡಿತ ಏರುತ್ತೆ. ಆದರೆ ಜೋರಾಗಿ ಉಸಿರಾಡಿದಾಗ ಇಂಗಾಲದ ಡೈ ಆಕ್ಸೈಡ್ ಹೆಚ್ಚು ಹೊರಗೆ ಹೋಗಿ ರಕ್ತ ಕ್ಷಾರದ ಕಡೆ ವಾಲುತ್ತೆ. ಆಗ ಮೆದುಳು, "ಇಷ್ಟು ಉಸಿರು ಬೇಡ, ನಿಲ್ಲಿಸು" ಅಂತ ಬ್ರೇಕ್ ಹಾಕುತ್ತೆ. ಮಲಗಿದಾಗ ಉಸಿರು ನಿಂತು ನಿಂತು ಬರೋದು, ಬೆಚ್ಚಿ ಏಳೋದು ಇದರಿಂದಲೇ. ಈ ಬ್ರೇಕ್ ಬಿಡಿಸೋರು ಯಾರು? ಕಿಡ್ನಿ. ರಕ್ತದಲ್ಲಿ ಹೆಚ್ಚಾದ ಕ್ಷಾರವನ್ನು ಮೂತ್ರದ ಮೂಲಕ ಹೊರಗೆ ಹಾಕುತ್ತೆ. ಅದಕ್ಕೆ ಗಂಟೆಗಳಲ್ಲ, ದಿನಗಳೇ ಬೇಕು. ಮೊದಲ ದಿನಗಳಲ್ಲಿ ರಾತ್ರಿ ನಾಲ್ಕು ಸಲ ಎದ್ದು ಹೋಗಬೇಕಾಗಿ ಬಂದರೆ ಬೈಕೋಬೇಡಿ, ಒಳಗೆ ಲೆಕ್ಕ ಸರಿಹೋಗ್ತಾ ಇದೆ ಅಂತ ಅರ್ಥ.

ಕೊನೆಗೆ ಬರೋದು ಸ್ವಂತ ಸಂಪಾದನೆ. 1889-90ರಲ್ಲಿ ಫ್ರಾನ್ಸ್‌ನ ವಿಯೋ ಅನ್ನೋ ವೈದ್ಯ ಪೆರುವಿನ ಮೊರೊಕೊಚಾ ಗಣಿ ಊರಿಗೆ ಹೋಗಿ ತನ್ನದೇ ರಕ್ತದ ಕೆಂಪು ಕಣಗಳನ್ನು ಎಣಿಸಿದರು. ಹೊರಡುವಾಗ ಒಂದು ಘನ ಮಿಲಿಮೀಟರಿಗೆ 50 ಲಕ್ಷದಷ್ಟಿದ್ದ ಕಣಗಳು ಸುಮಾರು ಮೂರು ವಾರದಲ್ಲಿ 80 ಲಕ್ಷದ ಹತ್ತಿರ ಬಂದಿದ್ದವು. ಹೊಸ ಕಣ ಮಾಡು ಅನ್ನೋ ಆದೇಶ ದೇಹದೊಳಗೆ ಕೆಲವೇ ಗಂಟೆಯಲ್ಲಿ ಹೊರಡುತ್ತೆ. ಆದರೆ ಮಾಲು ತಯಾರಾಗಿ ಬರೋಕೆ ವಾರಗಳು ಹಿಡಿಯುತ್ತವೆ.

ನೋಡಿ, ಈ ಪಟ್ಟಿಯಲ್ಲಿ ತೊಡೆಯ ಸ್ನಾಯು ಎಲ್ಲೂ ಬರಲಿಲ್ಲ. ಜಿಮ್ ಬರಲಿಲ್ಲ. ಉಸಿರು, ಕಿಡ್ನಿ, ರಕ್ತ. ಎತ್ತರಕ್ಕೆ ಹೋಗದೆ ಇವುಗಳಿಗೆ ಆದೇಶವೇ ಹೊರಡಲ್ಲ.

ಹಾಗಿದ್ದರೆ ಹಿಂದಿನವರು ಹೇಗೆ ಬಚಾವಾದರು? ಅವರನ್ನ ಕಾಪಾಡಿದ್ದು ರಸ್ತೆ ಇಲ್ಲದಿರೋದು. 1921, 1922, 1924ರಲ್ಲಿ ಎವರೆಸ್ಟ್‌ಗೆ ಹೊರಟ ಬ್ರಿಟಿಷ್ ತಂಡಗಳು ಡಾರ್ಜಿಲಿಂಗ್‌ನಿಂದ ಟಿಬೆಟ್ ಪ್ರಸ್ಥಭೂಮಿಯ ಮೇಲೆ ವಾರಗಟ್ಟಲೆ ನಡೆದೇ ಬುಡ ಮುಟ್ಟಬೇಕಿತ್ತು. ಆ ನಡಿಗೆಯೇ ಅವರ ತಯಾರಿಯಾಯಿತು. 1924ರಲ್ಲಿ ನಾರ್ಟನ್ ಆಮ್ಲಜನಕ ಇಲ್ಲದೆ 8,570 ಮೀಟರ್ ದಾಟಿ ಹೋದರು. ಅಲ್ಲಿಂದ 54 ವರ್ಷ, ಅಂದರೆ ಮೆಸ್ನರ್-ಹಾಬೆಲರ್ ಬರೋವರೆಗೆ, ಸಿಲಿಂಡರ್ ಇಲ್ಲದೆ ಅದಕ್ಕಿಂತ ಗಣನೀಯವಾಗಿ ಮೇಲೆ ಹೋದವರು ಯಾರೂ ಇರಲಿಲ್ಲ.

ಈ ವಿಷಯವನ್ನು ಎಲ್ಲರಿಗಿಂತ ಮೊದಲು ಕೂತು ಲೆಕ್ಕ ಹಾಕಿದವರು ಅಲೆಕ್ಸಾಂಡರ್ ಕೆಲ್ಲಾಸ್. ಲಂಡನ್‌ನ ಮೆಡಿಕಲ್ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ರಜೆ ಸಿಕ್ಕಾಗ ಸಿಕ್ಕಿಂನ ಪರ್ವತಗಳಿಗೆ ಬಂದುಬಿಡೋರು. ಶೆರ್ಪಾಗಳ ಸಾಮರ್ಥ್ಯ ಏನು ಅಂತ ಹೊರಗಿನವರಲ್ಲಿ ಮೊದಲು ಗುರುತಿಸಿದವರಲ್ಲಿ ಇವರೂ ಒಬ್ಬರು. ಚೆನ್ನಾಗಿ ಒಗ್ಗಿಕೊಂಡ ಮನುಷ್ಯ ಆಮ್ಲಜನಕವಿಲ್ಲದೆಯೂ ಎವರೆಸ್ಟ್ ಹತ್ತಬಲ್ಲ ಅಂತ ಲೆಕ್ಕ ಹಾಕಿ ಬರೆದಿದ್ದರು. 1921ರ ಜೂನ್ 5ರಂದು, ಎವರೆಸ್ಟ್‌ನ ಕಡೆ ಹೋಗೋ ದಾರಿಯಲ್ಲೇ, ಟಿಬೆಟ್‌ನ ಕಂಪಾ ಝೋಂಗ್ ಹತ್ತಿರ ತೀರಿಕೊಂಡರು. ಅವರ ಲೆಕ್ಕ ಸರಿ ಅಂತ ಜಗತ್ತು ಒಪ್ಪಿದ್ದು 1978ರಲ್ಲಿ.

1952ರಲ್ಲಿ ಸ್ವಿಸ್ ತಂಡದ ಲ್ಯಾಂಬರ್ಟ್ ಮತ್ತು ನಮ್ಮ ತೇನ್‌ಸಿಂಗ್ 8,400 ಮೀಟರಿನಲ್ಲಿ ಒಂದು ರಾತ್ರಿ ಕಳೆದರು. ಸ್ಟವ್ ಇಲ್ಲ, ಮಲಗುವ ಚೀಲ ಇಲ್ಲ. ಮೇಣದಬತ್ತಿಯ ಮೇಲೆ ಡಬ್ಬಿ ಹಿಡಿದು ಹಿಮ ಕರಗಿಸಿ ಗುಟುಕು ನೀರು ಕುಡಿದರು. ಮರುದಿನ ತುದಿಯ ಹತ್ತಿರ ಹೋಗಿ ವಾಪಸ್ಸಾದರು. ಆ ಎತ್ತರದಲ್ಲಿ ಒಣ ಗಾಳಿಯನ್ನು ಏದುಸಿರಿನಲ್ಲಿ ಎಳೆಯುವವರ ಮೈಯಿಂದ ನೀರು ಎಷ್ಟು ಹೋಗುತ್ತೆ ಅನ್ನೋದನ್ನ ಗಂಭೀರವಾಗಿ ಅಳೆದವರು ಬ್ರಿಟಿಷ್ ಶರೀರವಿಜ್ಞಾನಿ ಗ್ರಿಫಿತ್ ಪ್ಯೂ. ಅವರು ಅದೇ ವರ್ಷ ಚೋ ಓಯು ಪರ್ವತದಲ್ಲಿ ಪ್ರಯೋಗ ಮಾಡಿ, 1953ರ ತಂಡಕ್ಕೆ ಪಟ್ಟಿ ಕೊಟ್ಟರು: ದಿನಕ್ಕೆ ಮೂರು ಲೀಟರಿನಷ್ಟು ದ್ರವ ಹೊಟ್ಟೆಗೆ ಹೋಗಬೇಕು, ಅದಕ್ಕೆ ಬೇಕಾದಷ್ಟು ಇಂಧನ ಹೊರಬೇಕು, ಮುಖ್ಯ ಏರಿಕೆಗೆ ಮೊದಲು ವಾರಗಟ್ಟಲೆ ಒಗ್ಗಿಕೊಳ್ಳಬೇಕು. ತೆಂಗ್‌ಬೋಚೆ ಸುತ್ತಮುತ್ತಲಿನ ಚಿಕ್ಕ ಶಿಖರಗಳಲ್ಲಿ ತಂಡ ಸುಮಾರು ಮೂರು ವಾರ ಓಡಾಡಿತು. ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಮೇಲೆ ನಿಂತಿದ್ದು ನಮಗೆಲ್ಲ ಗೊತ್ತು. ಆ ಮೂರು ವಾರದ ಫೋಟೋ ಮಾತ್ರ ಯಾರ ಗೋಡೆಯ ಮೇಲೂ ಇಲ್ಲ.

ಈಗ ಐದು ವರ್ಷ ಹಿಂದೆ, ನಮ್ಮ ದೇಶಕ್ಕೆ ಬರೋಣ.

1948. ಲೇಹ್ ಕೈತಪ್ಪುವ ಸ್ಥಿತಿ. ಆ ಫೆಬ್ರವರಿಯಲ್ಲಿ ಮೇಜರ್ ಪೃಥಿ ಚಂದ್ ಅನ್ನೋ ಲಾಹೌಲ್‌ನ ಅಧಿಕಾರಿ ಒಂದು ಸಣ್ಣ ತುಕಡಿಯನ್ನು ಕರೆದುಕೊಂಡು, ಚಳಿಗಾಲದ ಹಿಮದಲ್ಲಿ ಜೋಜಿ ಲಾ ದಾಟಿ ನಡೆದೇ ಲೇಹ್‌ಗೆ ಹೊರಟಿದ್ದರು. ವಾರಗಟ್ಟಲೆಯ ದಾರಿ. ಹೋದವರಲ್ಲಿ ಬಹುಪಾಲು ಬೆಟ್ಟದ ಮಕ್ಕಳೇ. ಆದರೆ ಅಷ್ಟು ಜನ ಸಾಲದು, ನಡೆದು ಹೋಗೋಕೆ ಸಮಯವೂ ಇಲ್ಲ. ಸಿಂಧೂ ನದಿಯ ಪಕ್ಕದ ಮರಳು ನೆಲದಲ್ಲಿ ಸೋನಂ ನೋರ್ಬು ಅನ್ನೋ ಲಡಾಖಿ ಎಂಜಿನಿಯರ್ ಒಂದು ರನ್‌ವೇ ಸಿದ್ಧಮಾಡಿಸಿದರು. ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಒಂದು ಡಕೋಟಾ ವಿಮಾನವನ್ನು ಶ್ರೀನಗರದಿಂದ ಹಾರಿಸಿ, ಹಿಮಾಲಯ ದಾಟಿಸಿ ಅಲ್ಲಿ ಇಳಿಸಿದರು. ಅದರಲ್ಲಿ ಕೂತು ಬಂದ ಅಧಿಕಾರಿ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಹೌದು, ನಮ್ಮ ಮಡಿಕೇರಿಯ ತಿಮ್ಮಯ್ಯನವರೇ. ಅದೇ ವರ್ಷ ನವೆಂಬರ್‌ನಲ್ಲಿ ಜೋಜಿ ಲಾ ಮೇಲೆ ಟ್ಯಾಂಕ್ ಹತ್ತಿಸಿದವರು.

ಆ ವಿಮಾನ ಲೇಹ್ ಉಳಿಸಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ದಿನ ಇನ್ನೊಂದು ಕಥೆಯೂ ಶುರುವಾಯಿತು. ಕ್ಯಾರವಾನ್‌ಗಳು ಎರಡು ವಾರದಲ್ಲಿ ಕ್ರಮಿಸುತ್ತಿದ್ದ ದಾರಿ ಇನ್ನು ಮುಂದೆ ಬೆಳಗಿನ ಕಾಫಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಮುಗಿಯೋ ಹಾಗಾಯಿತು. ಝೆನಿತ್ ಬಲೂನಿನ ವೇಗ ಹಿಮಾಲಯಕ್ಕೆ ಬಂತು. ಮೊದಲು ದಾರಿಯೇ ಕೊಡುತ್ತಿದ್ದ ಆ ದಿನಗಳನ್ನು ಇನ್ನು ಮುಂದೆ ಯಾರಾದರೂ ನೆನಪಿಟ್ಟು ಕೊಡಬೇಕಿತ್ತು. ಹದಿನಾಲ್ಕು ವರ್ಷ ಆದಮೇಲೂ ಅದು ಸರಿಯಾಗಿ ನಡೆದಿರಲಿಲ್ಲ.

1962ರ ಸೆಪ್ಟೆಂಬರ್-ಅಕ್ಟೋಬರ್. ಪೂರ್ವದಲ್ಲಿ, ಇವತ್ತಿನ ಅರುಣಾಚಲದ ನಮ್ಕಾ ಚು ನದಿಯ ಕಡೆಗೆ ಬಯಲುಸೀಮೆಯಿಂದ ತುಕಡಿಗಳನ್ನು ತರಾತುರಿಯಲ್ಲಿ ಹತ್ತಿಸಿದರು. ಮೈಮೇಲೆ ಬೇಸಿಗೆಯ ಹತ್ತಿಬಟ್ಟೆ. ದಾರಿಯಲ್ಲಿ ದಾಟಬೇಕಾದ ಕಣಿವೆಗಳು 4,000 ಮೀಟರಿನ ಆಸುಪಾಸು. ಯುದ್ಧ ಶುರುವಾಗುವ ಮೊದಲೇ ಸೈನಿಕರು ಎದೆ ಹಿಡಿದುಕೊಂಡು ಸಾಯತೊಡಗಿದರು. ಅಲ್ಲಿನ ಬ್ರಿಗೇಡಿಯರ್ ಜಾನ್ ದಳವಿ ಆಮೇಲೆ 'ಹಿಮಾಲಯನ್ ಬ್ಲಂಡರ್' ಪುಸ್ತಕದಲ್ಲಿ ಈ ಸ್ಥಿತಿಯನ್ನು ದಾಖಲಿಸಿದ್ದಾರೆ. ಇಡೀ ಕಾರ್ಯಾಚರಣೆಯ ಹೊಣೆ ಹೊತ್ತಿದ್ದ ಲೆಫ್ಟಿನೆಂಟ್ ಜನರಲ್ ಬಿ.ಎಂ. ಕೌಲ್ ಕೂಡ ಆ ಎತ್ತರದಲ್ಲಿ ಓಡಾಡಿ ಉಸಿರಾಟದ ತೊಂದರೆಯಿಂದ ಹಾಸಿಗೆ ಹಿಡಿದರು. ಅಕ್ಟೋಬರ್ ಮಧ್ಯದಲ್ಲಿ ಅವರನ್ನು ದೆಹಲಿಗೆ ಸಾಗಿಸಬೇಕಾಯಿತು. ಚೀನಾ ದಾಳಿ ಮಾಡಿದ್ದು ಅಕ್ಟೋಬರ್ 20ರಂದು. ಪದವಿ, ರ್‍ಯಾಂಕ್ ಎತ್ತರಕ್ಕೆ ಲೆಕ್ಕಕ್ಕಿಲ್ಲ.

ಏನಾಗುತ್ತಿತ್ತು ಆ ಸೈನಿಕರಿಗೆ? ಬಹಳ ಕಾಲ ಇದನ್ನು ನ್ಯುಮೋನಿಯಾ ಅಂದುಕೊಳ್ಳುತ್ತಿದ್ದರು. ಪೆರುವಿನ ವೈದ್ಯರಿಗೆ ಮೊದಲೇ ಬೇರೆ ಸುಳಿವು ಸಿಕ್ಕಿತ್ತು. 1960ರಲ್ಲಿ ಅಮೆರಿಕದ ವೈದ್ಯ, ಪರ್ವತಾರೋಹಿ ಚಾರ್ಲ್ಸ್ ಹ್ಯೂಸ್ಟನ್ ಬರೆದ ಒಂದು ಲೇಖನದಿಂದ ಜಗತ್ತಿನ ಗಮನ ಅದರ ಕಡೆ ಹೋಯಿತು. ಆರೋಗ್ಯವಂತ, ಗಟ್ಟಿಮುಟ್ಟಾದ ಯುವ ಸ್ಕೀಯರ್ ಒಬ್ಬನ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತ್ತು. ಸೋಂಕೂ ಇರಲಿಲ್ಲ, ಹೃದಯದ ಕಾಯಿಲೆಯೂ ಇರಲಿಲ್ಲ. ಕಾರಣ ಎತ್ತರ. ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಎಲ್ಲ ಕಡೆ ಒಂದೇ ಸಮ ಬಿಗಿಯೋದಿಲ್ಲ. ಬಿಗಿಯದ ಜಾಗಕ್ಕೆ ಎಲ್ಲ ಒತ್ತಡವೂ ನುಗ್ಗಿ, ಸಣ್ಣ ನಾಳಗಳು ಸೋರುತ್ತವೆ. ಮನುಷ್ಯ ಒಣನೆಲದ ಮೇಲೆ ಕೂತೇ ಮುಳುಗುತ್ತಾನೆ.

ಇದರ ಬಗ್ಗೆ ಜಗತ್ತಿನಲ್ಲೇ ದೊಡ್ಡ ದಾಖಲೆ ಕೊಟ್ಟವರು ನಮ್ಮ ಸೇನಾ ವೈದ್ಯರು. 1965ರಲ್ಲಿ ಮೆನನ್ ಅನ್ನೋ ವೈದ್ಯರು ಲೇಹ್‌ನಲ್ಲಿ ಕಂಡ 101 ರೋಗಿಗಳ ವಿವರ ಪ್ರಕಟಿಸಿದರು. ಅದೇ ವರ್ಷ ಇಂದರ್ ಸಿಂಗ್ ಮತ್ತು ಸಹೋದ್ಯೋಗಿಗಳು 332 ಪ್ರಕರಣಗಳನ್ನು ಪ್ರಕಟಿಸಿದರು. 1969ರಲ್ಲಿ ಇಂದರ್ ಸಿಂಗ್ ತಂಡ 1,925 ಸೈನಿಕರ ಎತ್ತರದ ಕಾಯಿಲೆಯ ಅಧ್ಯಯನವನ್ನು ಮುಂದಿಟ್ಟಿತು. ಶ್ವಾಸಕೋಶದ ಹಾಗೇ ಮೆದುಳೂ ಊದಿಕೊಳ್ಳಬಹುದು ಅನ್ನೋದಕ್ಕೆ ಅದರಲ್ಲಿ ಸಾಕ್ಷಿ ಇತ್ತು. ಜಗತ್ತಿನ ಯಾವುದೇ ಮೂಲೆಯಲ್ಲಿ ಈ ವಿಷಯದ ಪಠ್ಯಪುಸ್ತಕ ತೆಗೆದರೂ ಈ ಲೇಖನಗಳ ಉಲ್ಲೇಖ ಸಿಗುತ್ತೆ. ಆ ಅಂಕಿಗಳನ್ನು ಓದುವಾಗ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಜ್ಞಾನದ ಖಾತೆಯಲ್ಲಿ ಜಮೆಯಾದ ಒಂದೊಂದು ಅಂಕಿಯೂ ಇಪ್ಪತ್ತು, ಇಪ್ಪತ್ತೆರಡರ ಒಬ್ಬ ಹುಡುಗ. ಸೇನೆಗೆ ಆಯ್ಕೆಯಾದವನು ಅಂದಮೇಲೆ, ಇವತ್ತು ನನಗೆ ಮೆಸೇಜ್ ಕಳಿಸೋ ಯಾರಿಗಿಂತಲೂ ಫಿಟ್ ಆಗಿದ್ದವನು.

ಇನ್ನೊಂದು ವಿಷಯವೂ ಆ ದಾಖಲೆಗಳಿಂದ ಹೊರಬಂತು. ತಿಂಗಳುಗಟ್ಟಲೆ ಮೇಲೆ ಇದ್ದು ಒಗ್ಗಿಕೊಂಡವರೂ, ಊರಿಗೆ ರಜೆಗೆ ಹೋಗಿ ವಾಪಸ್ ಬಂದಾಗ ಹೊಸಬರ ಹಾಗೇ ಕಾಯಿಲೆ ಬಿದ್ದರು. ಅಂದರೆ ಎತ್ತರದ ತಯಾರಿ ಬ್ಯಾಂಕಿನ ಎಫ್‌ಡಿ ಥರ ಅಲ್ಲ, ಕೆಳಗಿಳಿದರೆ ಕರಗಿಹೋಗುತ್ತೆ. "ಎರಡು ವರ್ಷದ ಹಿಂದೆ ಹೋಗಿದ್ದೆ, ನನಗೆ ಏನೂ ಆಗಲಿಲ್ಲ" ಅನ್ನೋ ಮಾತಿಗೆ ಅಲ್ಲಿ ಬೆಲೆ ಇಲ್ಲ.

ಇಷ್ಟೆಲ್ಲ ಆದಮೇಲೆ ಸೇನೆ ಒಂದು ವೇಳಾಪಟ್ಟಿ ಮಾಡಿಕೊಂಡಿತು. 9,000 ಅಡಿಯಿಂದ 12,000 ಅಡಿವರೆಗಿನ ಮೊದಲ ಹಂತಕ್ಕೆ ಆರು ದಿನ. ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ, ಮೂರು-ನಾಲ್ಕನೇ ದಿನ ಸಮತಟ್ಟು ನೆಲದಲ್ಲಿ ನಿಧಾನದ ನಡಿಗೆ, ಐದು-ಆರನೇ ದಿನ ಸ್ವಲ್ಪ ಏರು. 12,000ದಿಂದ 15,000 ಅಡಿಗೆ ಮತ್ತೆ ನಾಲ್ಕು ದಿನ. ಅದಕ್ಕೂ ಮೇಲೆ ಇನ್ನೂ ನಾಲ್ಕು ದಿನ. ಒಟ್ಟು ಹದಿನಾಲ್ಕು. ಸಿಯಾಚಿನ್ ಅಂದಕೂಡಲೇ ನಮಗೆ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನೆನಪಾಗುತ್ತಾರೆ. 2016ರಲ್ಲಿ ಅವರನ್ನು ಬಲಿ ತೆಗೆದುಕೊಂಡಿದ್ದು ಹಿಮಕುಸಿತ, ಎತ್ತರದ ಕಾಯಿಲೆ ಅಲ್ಲ. ಆದರೆ ಅವರಂಥ ಸೈನಿಕರು 19,000 ಅಡಿಯ ಪೋಸ್ಟ್ ತಲುಪೋಕೆ ಮೊದಲು ಈ ಹಂತಗಳನ್ನು ಹಾದೇ ಹೋಗಬೇಕು. ಅವಸರ ಇದ್ದರೂ ಸರಿ, ಆದೇಶ ಇದ್ದರೂ ಸರಿ.

ಈಗ ನಮ್ಮ ಲಡಾಖ್ ಪ್ಯಾಕೇಜ್ ತೆಗೆದು ನೋಡೋಣ. ಐದು ಹಗಲು, ನಾಲ್ಕು ರಾತ್ರಿ. ಮೊದಲ ದಿನ ವಿಮಾನ ಇಳಿದು ಮಾರ್ಕೆಟ್ ಸುತ್ತಾಟ. ಎರಡನೇ ದಿನ ಖರ್ದುಂಗ್ ಲಾ. ಅದು 5,359 ಮೀಟರ್, ಅಂದರೆ ಗಾಳಿಯ ಒತ್ತಡ ಹೆಚ್ಚುಕಡಿಮೆ ಅರ್ಧ. ಸೈನಿಕನಿಗೆ ಇನ್ನೂ ವಿಶ್ರಾಂತಿಯ ದಿನ ಅದು. ನಾವು ಆಗಲೇ ಅವನ ಮೂರನೇ ಹಂತದ ಎತ್ತರದಲ್ಲಿ ಸೆಲ್ಫಿ ತಗೋತಿರುತ್ತೀವಿ. ಯಾಕೆ ಹೀಗೆ? ಕಾಮರ್ಸ್ ಓದಿದವನಾಗಿ ನನಗೆ ಉತ್ತರ ಸುಲಭ. ವಿಶ್ರಾಂತಿಯ ದಿನ ಅಂದರೆ ಪ್ಯಾಕೇಜಿನಲ್ಲಿ ಖರ್ಚು ಮಾತ್ರ ಇರೋ ಸಾಲು. ರೂಮ್ ಬಾಡಿಗೆ ಇದೆ, ಊಟ ಇದೆ, ತೋರಿಸೋಕೆ ಒಂದು ಜಾಗವೂ ಇಲ್ಲ. ದರ ಇಳಿಸಬೇಕು ಅಂದರೆ ಮೊದಲು ಕತ್ತರಿ ಬೀಳೋದು ಅದಕ್ಕೇ. ನಾವೂ ಅದನ್ನೇ ಕೇಳುತ್ತೀವಿ, ಯಾಕೆಂದರೆ ಆಫೀಸಿನಲ್ಲಿ ಸಿಗೋ ರಜೆ ಅಷ್ಟೇ.

ಇದನ್ನ ಮನೆಯಲ್ಲೇ ಸರಿಮಾಡಿಕೊಂಡು ಹೋಗೋಣ ಅಂದರೆ ಭೂಗೋಳ ಬಿಡೋದಿಲ್ಲ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗೋದು 2,500 ಮೀಟರಿನ ಆಚೆ. ಬೆಂಗಳೂರು ಸುಮಾರು 920 ಮೀಟರ್. ನಂದಿ ಬೆಟ್ಟ 1,478. ಕುಮಾರ ಪರ್ವತ 1,712. ಕರ್ನಾಟಕದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930. ನಮ್ಮ ಇಡೀ ರಾಜ್ಯದಲ್ಲಿ ಆ ಆದೇಶ ಹೊರಡಿಸುವಷ್ಟು ಎತ್ತರದ ಒಂದು ಜಾಗವೂ ಇಲ್ಲ.

ಹಾಗಂತ ಓಡೋದು, ಮೆಟ್ಟಿಲು ಹತ್ತೋದು ದಂಡ ಅಂತ ತಿಳೀಬೇಡಿ. ಎತ್ತರದಲ್ಲಿ ಪ್ರತಿ ಹೆಜ್ಜೆಗೂ ಹೆಚ್ಚು ಉಸಿರು ಬೇಕು. ಹೃದಯ ಮತ್ತು ಕಾಲು ಗಟ್ಟಿ ಇದ್ದವರು ಅದೇ ನಡಿಗೆಯನ್ನು ಕಡಿಮೆ ದಣಿವಿನಲ್ಲಿ ಮುಗಿಸುತ್ತಾರೆ. ಇಳಿಜಾರಿನಲ್ಲಿ ಮಂಡಿ ಕೈಕೊಡಲ್ಲ. ಬೆನ್ನಿಗೆ ಏಳೆಂಟು ಕಿಲೋ ಚೀಲ ಹಾಕಿಕೊಂಡು ಹತ್ತಿ ಇಳಿಯೋದು ಒಳ್ಳೇ ಅಭ್ಯಾಸ. ಅಪಾಯ ಇರೋದು ಮುಂದಿನ ಯೋಚನೆಯಲ್ಲಿ: ನಾನು ಫಿಟ್ ಇದ್ದೀನಿ, ಹಾಗಾಗಿ ಬೇಗ ಹತ್ತಬಹುದು ಅನ್ನೋದು. ಫಿಟ್ ಇದ್ದವರನ್ನ ಎತ್ತರ ಹಿಡಿಯೋದು ಬಹಳ ಸಲ ಅವರು ಬೇಗ ಹತ್ತೋದರಿಂದಲೇ.

ಇತಿಹಾಸ ನಮಗೆ ಬಿಟ್ಟುಹೋದ ನಿಯಮಗಳು ಕಷ್ಟದವಲ್ಲ. ವಿಮಾನದಲ್ಲಿ ಲೇಹ್‌ಗೆ ಹೋದರೆ ಮೊದಲ ಎರಡು ದಿನ ಸುಮ್ಮನಿರಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ, ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಇರಿ. ಮದ್ಯ ಬೇಡ, ನಿದ್ದೆಮಾತ್ರೆ ಬೇಡ. ತಲೆನೋವು, ವಾಕರಿಕೆ, ಸುಸ್ತು ಕಂಡರೆ ಅದು ಕಮ್ಮಿಯಾಗೋವರೆಗೆ ಮೇಲೆ ಹೋಗಬೇಡಿ. ಕೂತಾಗಲೂ ಏದುಸಿರು ಬಂದರೆ, ಬಿಡದೆ ಕೆಮ್ಮು ಇದ್ದರೆ, ಕುಡಿದವರ ಹಾಗೆ ಹೆಜ್ಜೆ ತಪ್ಪಿದರೆ, ಮಾತು ತಡವರಿಸಿದರೆ, ಬೆಳಗಾಗಲಿ ಅಂತ ಕಾಯಬಾರದು. ಅವರನ್ನ ಕೆಳಗೆ ಇಳಿಸಬೇಕು, ಆಮ್ಲಜನಕ ಕೊಡಿಸಬೇಕು, ಆಸ್ಪತ್ರೆಗೆ ಸೇರಿಸಬೇಕು. ಡಯಾಮಾಕ್ಸ್ ಅನ್ನೋ ಮಾತ್ರೆಯ ಬಗ್ಗೆ ಕೇಳಿರುತ್ತೀರಿ. ಅದು ಕಿಡ್ನಿ ಮಾಡೋ ಕೆಲಸವನ್ನೇ ಸ್ವಲ್ಪ ಬೇಗ ಮಾಡಿಸುತ್ತೆ. ನಿಮಗೆ ಬೇಕಾ, ಎಷ್ಟು ಬೇಕು, ಅಲರ್ಜಿ ಆಗುತ್ತಾ ಅನ್ನೋದು ಡಾಕ್ಟರ್ ಹೇಳಬೇಕಾದ ಮಾತು, ನಾನಲ್ಲ, ಟೂರ್ ಡ್ರೈವರ್ ಕೂಡ ಅಲ್ಲ. ಮಾತ್ರೆ ತಗೊಂಡರೂ ದಿನಗಳನ್ನು ಉಳಿಸೋಕೆ ಆಗಲ್ಲ.

ಕೈಲಾಸ-ಮಾನಸ ಸರೋವರಕ್ಕೆ ಹೋಗುವ ಹಿರಿಯರು ನಮ್ಮ ರಾಜ್ಯದಲ್ಲಿ ಬಹಳ ಜನ. ಲಿಪುಲೇಖ್ ದಾರಿಯ ಸರ್ಕಾರಿ ಯಾತ್ರೆಯಲ್ಲಿ ದೆಹಲಿಯಲ್ಲಿ ಒಂದು ಸಲ ತಪಾಸಣೆಯಾಗುತ್ತೆ, ಮೇಲೆ ಗುಂಜಿ ಅನ್ನೋ ಊರಿನಲ್ಲಿ ನಿಲ್ಲಿಸಿ ಇನ್ನೊಂದು ಸಲ ನೋಡುತ್ತಾರೆ. ಅಲ್ಲಿಂದ ವಾಪಸ್ ಕಳಿಸಿದರೆ ಎಷ್ಟೋ ಜನ ಅಳುತ್ತಾ ಬರ್ತಾರೆ, ದೇವರು ಕರೆಯಲಿಲ್ಲ ಅಂತ. ದೆಹಲಿಯ ರಿಪೋರ್ಟ್ ಚೆನ್ನಾಗಿದ್ದ ಮೇಲೂ ಗುಂಜಿಯಲ್ಲಿ ಮತ್ತೆ ಯಾಕೆ ನೋಡುತ್ತಾರೆ ಅಂತ ಈಗ ನಿಮಗೆ ಗೊತ್ತಾಯಿತಲ್ಲ. ಕೆಳಗಿನ ದೇಹ ಮೇಲೆ ಹೇಗಿರುತ್ತೆ ಅಂತ ಕೆಳಗೆ ನಿಂತು ಹೇಳೋಕೆ ಆಗಲ್ಲ.

ಹಾಗಾಗಿ "ಇಷ್ಟು ತಯಾರಿ ಸಾಕಾ" ಅಂತ ಕೇಳಿದವರಿಗೆಲ್ಲ ಒಂದೇ ಮಾತು. ಶೂ ತಗೊಳ್ಳಿ, ಓಡಿ, ಮೆಟ್ಟಿಲು ಹತ್ತಿ. ಅದೆಲ್ಲಕ್ಕಿಂತ ಮೊದಲು ರಜೆಯ ಅರ್ಜಿಯಲ್ಲಿ ಮೂರು ದಿನ ಜಾಸ್ತಿ ಹಾಕಿ. ಸಿಗಲಿಲ್ಲ ಅಂದರೆ ಜಾಗ ಬದಲಿಸಿ, ಖರ್ದುಂಗ್ ಲಾ ಎಲ್ಲೂ ಓಡಿಹೋಗಲ್ಲ.

ಮುಂದಿನ ವಾರ ಇದೇ ಹಿಮಾಲಯದಲ್ಲಿ ಬೇರೆಯವರ ಹೊರೆಯನ್ನು ಬೆನ್ನ ಮೇಲೆ ಹೊತ್ತು ಮೊದಲು ಹತ್ತಿದ ಪೋರ್ಟರ್‌ಗಳ ಬಗ್ಗೆ ಮಾತಾಡೋಣ. ಅಲ್ಲಿವರೆಗೆ ನಿಧಾನಕ್ಕೆ ಉಸಿರಾಡ್ತಾ ಇರಿ.